ಪರದೆಯ ಭೂತ, ಊರಿನ ಮಾಟ

'ನಿಜ ಘಟನೆ ಆಧಾರಿತ' ಎಂದು ಬರೆದಿದ್ದರೆ ಸಾಕು, ಭಯಾನಕ ಸಿನಿಮಾ ನೋಡುವ ಕುತೂಹಲ ಮಕ್ಕಳಿಗೆ ಇಮ್ಮಡಿಯಾಗುತ್ತದೆ. 2013ರ 'ದಿ ಸ್ಯಾಕ್ರಮೆಂಟ್' ಅಂಥದ್ದೊಂದು. 1978ರಲ್ಲಿ ಗಯಾನಾದ ಜೋನ್ಸ್‌ಟೌನ್‌ನಲ್ಲಿ ಜಿಮ್ ಜೋನ್ಸ್ ಎಂಬ ಪಂಥದ ಗುರುವಿನಿಂದಾಗಿ 900ಕ್ಕೂ ಹೆಚ್ಚು ಜನ ವಿಷಕ್ಕೆ ಬಲಿಯಾದ ಘಟನೆಯೇ ಅದರ ಮೂಲ. ನೋಡಿ ಮುಗಿದ ಮೇಲೆ, ಎಲ್ಲೋ ದೂರದ ಹುಚ್ಚರ ಕತೆ ಎಂದು ನಾವು ನೆಮ್ಮದಿಯಿಂದ ಮಲಗುತ್ತೇವೆ.

ಗುಡೇಮಾರನಹಳ್ಳಿಯ ನಮಗೆ ಆ ನೆಮ್ಮದಿ ಸಲ್ಲದು. ನಮ್ಮದೇ ಮಾಗಡಿಯಲ್ಲಿ 2017ರ ಮಾರ್ಚ್‌ನಲ್ಲಿ 10 ವರ್ಷದ ಹುಡುಗಿಯ ಕೊಲೆಯಾಯಿತು. ಲಕ್ವ ಹೊಡೆದವರೊಬ್ಬರು ಗುಣವಾಗಲೆಂದು ಮಾಟದ ಮಾತು ನಂಬಿ ಬಲಿ ಕೊಟ್ಟರು ಎಂದು ಪೊಲೀಸರು ಹೇಳಿದರು. ಮಗುವೂ ನಮ್ಮ ಸಮುದಾಯದ್ದು, ಬಂಧಿತರೂ ನಮ್ಮವರು. ಸಿನಿಮಾದ ಭೂತ ಅಲ್ಲಿರಲಿಲ್ಲ. ಮನೆಯಲ್ಲೊಂದು ಕಾಯಿಲೆ ಇತ್ತು, ಹತಾಶೆ ಇತ್ತು.

ಪ್ರವಾದಿ(ಸ)ರು ಏಳು ವಿನಾಶಕಾರಿ ಪಾಪಗಳನ್ನು ಎಣಿಸುವಾಗ ಶಿರ್ಕ್ ಮತ್ತು ಕೊಲೆಯ ಜೊತೆಗೇ ಮಾಟವನ್ನೂ ಸೇರಿಸಿದ್ದಾರೆ. ಅದೇ 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂದ ರಾಜ್ಯದ ವಾಮಾಚಾರ ತಡೆ ಕಾನೂನು 1ರಿಂದ 7 ವರ್ಷಗಳ ಸೆರೆವಾಸ ವಿಧಿಸುತ್ತದೆ. ಆದರೆ ಕಾನೂನು ಬರುವುದು ಅನಾಹುತ ನಡೆದ ಮೇಲೆ. ಅದಕ್ಕೂ ಮೊದಲು ಎಚ್ಚರಾಗಬೇಕಾದುದು ಮನೆ.

ಸಹೋದರಿಯರೇ, ಲಕ್ವ ಹೊಡೆದಾಗ ಮೊದಲ ಕೆಲವು ಗಂಟೆಗಳೇ ಅಮೂಲ್ಯ. ಆಸ್ಪತ್ರೆಗೆ ಓಡಿ, ದಾರಿಯುದ್ದಕ್ಕೂ ದುಆ ಮಾಡಿ. ಅಲ್ಲಾಹನು ಪ್ರಾರ್ಥನೆಯನ್ನೂ ಕೊಟ್ಟಿದ್ದಾನೆ, ಔಷಧಿಯನ್ನೂ ಕೊಟ್ಟಿದ್ದಾನೆ. ಪರಿಹಾರ ಹೇಳಿಕೊಟ್ಟು 'ಯಾರಿಗೂ ತಿಳಿಸಬೇಡಿ' ಎನ್ನುವವರು ಸಿಕ್ಕರೆ, ಅವರ ಹೊಸ್ತಿಲಿಂದ ಆಗಲೇ ಹಿಂತಿರುಗಿ. ಮನೆಗೆ ಬಂದು ಎಲ್ಲರಿಗೂ ತಿಳಿಸಿ.