ಗ್ಯಾರೇಜಿನ ಫಿಲ್ ಹಿಲ್

ಫಿಲ್ ಹಿಲ್ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತೀರಿಕೊಂಡದ್ದು 2008ರ ಆಗಸ್ಟ್ 28ರಂದು. ಅವರನ್ನು ನೆನೆಯುವವರು ಮೊದಲು ಎತ್ತುವುದು ರೇಸಿನ ಮಾತನ್ನೇ. 1961ರಲ್ಲಿ ಫೆರಾರಿ ಓಡಿಸಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಮೊದಲ ಅಮೆರಿಕನ್. ಲೆ ಮಾನ್‌ನ 24 ಗಂಟೆಗಳ ರೇಸನ್ನು ಮೂರು ಸಲ ಗೆದ್ದವರು. ಎಲ್ಲ ನಿಜವೇ. ಆದರೆ 81 ವರ್ಷ ಬಾಳಿದ ಈ ಮನುಷ್ಯ ರೇಸಿಗೆ ಕೊಟ್ಟದ್ದು ಸುಮಾರು ಇಪ್ಪತ್ತು ವರ್ಷ. ಹಳೆಯ ಕಾರುಗಳ ಸಹವಾಸ ಅದಕ್ಕಿಂತ ಮೊದಲೇ ಶುರುವಾಗಿತ್ತು, ಆಮೇಲೂ ಬಿಡಲಿಲ್ಲ. ನನಗೆ ಆ ಹಿಲ್ ಹೆಚ್ಚು ದೊಡ್ಡವರು.

ಹನ್ನೆರಡರ ಹುಡುಗನಿಗೆ ಚಿಕ್ಕಮ್ಮ ಹೆಲೆನ್ ಒಂದು ಹಳೆಯ ಮಾಡೆಲ್ ಟಿ ಫೋರ್ಡ್ ಕೊಡಿಸಿದ್ದರು. ಬಿಚ್ಚಿ ಜೋಡಿಸಿ ಕಲಿತದ್ದು ಅದರಲ್ಲೇ. ಮುಂದೆ ಮೆಕ್ಯಾನಿಕ್ ಆಗಿ ದುಡಿದು, ಇಂಗ್ಲೆಂಡಿಗೆ ಹೋಗಿ ಜಾಗ್ವಾರ್ ಕಂಪನಿಯಲ್ಲಿ ತರಬೇತಿ ಪಡೆದು ಬಂದರು. ಸ್ಟಿಯರಿಂಗ್ ಹಿಡಿದವರೆಲ್ಲ ಗಟ್ಟಿಗುಂಡಿಗೆಯವರು ಎಂದುಕೊಳ್ಳುತ್ತೇವಲ್ಲ, ಹಿಲ್ ಹಾಗಿರಲಿಲ್ಲ. ರೇಸಿನ ಆತಂಕಕ್ಕೆ ಹೊಟ್ಟೆಯಲ್ಲಿ ಹುಣ್ಣಾಗಿ, ವೈದ್ಯರ ಮಾತಿನಂತೆ ಒಂದಷ್ಟು ಕಾಲ ಟ್ರ್ಯಾಕಿನಿಂದ ದೂರ ಉಳಿಯಬೇಕಾಯಿತು. ಆ ಬಿಡುವಿನಲ್ಲಿ ಕೈಗೆತ್ತಿಕೊಂಡದ್ದು ಅದೇ ಚಿಕ್ಕಮ್ಮನ ಕಾರನ್ನು: 1931ರ ಪಿಯರ್ಸ್-ಆರೋ. ಚಾಲಕನ ತಲೆಯ ಮೇಲೆ ಬಯಲು, ಹಿಂದೆ ಕೂರುವ ಒಡೆಯರಿಗೆ ಮಾತ್ರ ಸೂರು. ಅಂಥ ಠೀವಿಯ ಗಾಡಿ. ಬಫಲೋ ನಗರದಲ್ಲಿ ಅದನ್ನು ಕಟ್ಟಿದ ಕಂಪನಿ 1938ರಲ್ಲೇ ಬಾಗಿಲು ಹಾಕಿತ್ತು. ಬಿಡಿಭಾಗ ಬೇಕೆಂದರೆ ಹುಡುಕಬೇಕು, ಸಿಗದಿದ್ದರೆ ಮಾಡಿಕೊಳ್ಳಬೇಕು.

ಆ ಕಾಲದ ಕಾರಿನ ಕೆಲಸ ಎಂಥದ್ದೆಂದು ಗ್ಯಾರೇಜು ಕಂಡವರಿಗೆ ಗೊತ್ತು. ಬಾಡಿಯ ಲೋಹದ ತಗಡಿನ ಒಳಗೆ ಇರುವುದು ಮರದ ಚೌಕಟ್ಟು. ಹೊರಗೆ ಬಣ್ಣ ಮಿನುಗುತ್ತಿದ್ದರೂ ಬಾಗಿಲ ಬುಡದಲ್ಲಿ ಮರ ಕುಂಬಾಗಿರುತ್ತದೆ. ಅದನ್ನು ಬದಲಿಸಲು ತಗಡು ಬಿಚ್ಚಬೇಕು. ಎಂಜಿನ್ನಿನ ಬೇರಿಂಗುಗಳು ಇಂದಿನಂತೆ ಅಂಗಡಿಯಲ್ಲಿ ಸಿಗುವಂಥವಲ್ಲ. ತವರ ಮುಖ್ಯವಾದ ಬಿಳಿ ಲೋಹವನ್ನು ಕರಗಿಸಿ ಎರಕ ಹೊಯ್ಯಬೇಕು. ಶಾಫ್ಟಿಗೆ ನೀಲಿ ಲೇಪ ಬಳಿದು ಬೇರಿಂಗಿನೊಳಗಿಟ್ಟು ತಿರುಗಿಸಿದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಅಂಟುತ್ತದೆ. ಅಷ್ಟನ್ನೇ ಕೈಯಿಂದ ಹೆರೆದು, ಮತ್ತೆ ಬಳಿದು, ಮತ್ತೆ ತಿರುಗಿಸಬೇಕು. ಅವಸರದವರ ಕಸುಬಲ್ಲ ಇದು.

1955ರಲ್ಲಿ ಪೆಬಲ್ ಬೀಚ್‌ನ ಕಾರು ಪ್ರದರ್ಶನದಲ್ಲಿ ಆ ಪಿಯರ್ಸ್-ಆರೋ ಎಲ್ಲಕ್ಕೂ ಮೇಲಿನ ಬಹುಮಾನ ಗೆದ್ದಿತು. ಅಲ್ಲಿಯವರೆಗೆ ಆ ಬಹುಮಾನ ಹೊಸ ಕಾರುಗಳ ಪಾಲಾಗುತ್ತಿತ್ತು; ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಕಾರೊಂದು ಗೆದ್ದದ್ದು ಅದೇ ಮೊದಲು. ಅದೇ ವರ್ಷ ಅಲ್ಲಿಯ ರಸ್ತೆ ರೇಸಿನಲ್ಲಿ ಫೆರಾರಿ ಓಡಿಸಿ ಗೆದ್ದವರೂ ಇವರೇ ಎಂಬುದು ಬೇರೆ ಮಾತು. ಪೆಬಲ್ ಬೀಚ್ ಎಂದರೆ ಇಂದು ಜಗತ್ತು ಹಳೆಯ ಕಾರುಗಳನ್ನೇ ನೆನೆಯುತ್ತದಲ್ಲ, ಆ ದಾರಿಗೆ ಮೊದಲ ಗಾಲಿ ಉರುಳಿದ್ದು ಹೀಗೆ. 1967ರಲ್ಲಿ ರೇಸು ಬಿಟ್ಟ ಮೇಲೆ ಗೆಳೆಯ ಕೆನ್ ವಾನ್ ಜೊತೆ ಸಾಂಟಾ ಮೋನಿಕಾದಲ್ಲಿ ‘ಹಿಲ್ ಅಂಡ್ ವಾನ್’ ಎಂಬ ಕಾರ್ಯಾಗಾರ ನಡೆಸಿದರು. 1984ರಲ್ಲಿ ಅದನ್ನು ಮಾರುವ ಹೊತ್ತಿಗೆ ಆ ಹೆಸರಿಗೆ ಕಸುಬಿನ ಲೋಕದಲ್ಲಿ ದೊಡ್ಡ ಮರ್ಯಾದೆ ಇತ್ತು. ತಾನಾಗಿ ನುಡಿಯುವ ಹಳೆಯ ಪಿಯಾನೋಗಳನ್ನು ರಿಪೇರಿ ಮಾಡುವುದೂ ಅವರ ಹುಚ್ಚು. ಪೆಬಲ್ ಬೀಚ್‌ನಲ್ಲಿ ದಶಕಗಳ ಕಾಲ ತೀರ್ಪುಗಾರರಾಗಿ ಕೂತರು.

ಅವರ ತಲೆಮಾರು ಹಾಕಿಕೊಟ್ಟ ಮಾದರಿಯ ಬಗ್ಗೆ ನನಗೊಂದು ತಕರಾರೂ ಇದೆ. ಮೂಲೆಗೆ ಬಿದ್ದ ಕಾರಿಗೆ ಜೀವ ಕೊಟ್ಟದ್ದು ಸರಿ. ಆದರೆ ಆ ಹುರುಪಿನಲ್ಲಿ ಎಷ್ಟೋ ಕಾರುಗಳು ಕಾರ್ಖಾನೆಯಿಂದ ಹೊರಟ ದಿನ ಇದ್ದುದಕ್ಕಿಂತಲೂ ಹೊಳೆಯತೊಡಗಿದವು. ನಮ್ಮೂರ ಹಳೆಯ ಗುಡಿಯ ಕಲ್ಲಿಗೆ ಭಕ್ತರು ಎನಾಮಲ್ ಬಳಿದಂತೆ ಅದು. ಸವೆದ ಚರ್ಮದ ಸೀಟು, ಗೀರು ಬಿದ್ದ ಬಣ್ಣ, ಬಾಗಿಲ ಹಿಡಿಯಲ್ಲಿ ಬೆರಳು ಸವೆಸಿದ ಜಾಗ ಒಮ್ಮೆ ಅಳಿಸಿದರೆ ಹೋಯಿತು. ಹಾಗೆಂದು ಕುಂಬಾದ ಮರವನ್ನು ಪೂಜಿಸುತ್ತ ಕೂರಲಾಗದು. ಎಲ್ಲಿ ಕೈ ಹಚ್ಚಬೇಕು, ಎಲ್ಲಿ ಕೈ ತೆಗೆಯಬೇಕು ಎಂಬುದು ಪ್ರತಿ ಕಾರಿನ ಎದುರಿಗೂ ಹೊಸದಾಗಿ ಇತ್ಯರ್ಥವಾಗಬೇಕಾದ ಜಗಳ.

2024ರಲ್ಲಿ ಅದೇ ಪೆಬಲ್ ಬೀಚ್‌ನ ಆ ದೊಡ್ಡ ಬಹುಮಾನ 1934ರ ಬುಗಾಟಿ ಟೈಪ್ 59ಕ್ಕೆ ಹೋಯಿತು. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೆಯ ಲಿಯೋಪೋಲ್ಡ್ ಬಳಿ ಇದ್ದ ಕಪ್ಪು ಕಾರು. ಹಳೆಯ ಬಣ್ಣ ಹಾಗೇ ಇದೆ, ಉದುರಿದ ಕಡೆ ಉದುರಿದೆ. ಹೀಗೆ ಇದ್ದಂತೆಯೇ ಕಾಪಾಡಿಕೊಂಡು ಬಂದ ಕಾರಿಗೆ ಆ ಪಟ್ಟ ಸಿಕ್ಕದ್ದು ಇದೇ ಮೊದಲು. ಹಿಲ್ ‘ರೋಡ್ ಅಂಡ್ ಟ್ರ್ಯಾಕ್’ ಪತ್ರಿಕೆಗೆ ಹಳೆಯ ಕಾರುಗಳನ್ನು ಸ್ವತಃ ಓಡಿಸಿ ಲೇಖನ ಬರೆಯುತ್ತಿದ್ದರು. ಈ ಬುಗಾಟಿಯನ್ನು ಓಡಿಸಿ, ತೀರ್ಪನ್ನೂ ಒಂದು ಕೈ ನೋಡಿಕೊಂಡು ಅವರು ಬರೆದಿದ್ದರೆ ಓದಬೇಕಿತ್ತು.