ದುಡ್ಡು ಕಡಿಮೆ ಇದ್ದದ್ದು ತಪ್ಪಲ್ಲ

ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ದಿ ಬರ್ಡ್ಸ್’ ಚಿತ್ರಕ್ಕೆ ಎರಡನೇ ಭಾಗವೊಂದಿದೆ ಅಂದರೆ ಸಿನಿಮಾ ಹುಚ್ಚಿರುವವರೂ ‘ಹೌದಾ?’ ಅಂತ ಹುಬ್ಬೇರಿಸುತ್ತಾರೆ. ಇದೆ. ‘ದಿ ಬರ್ಡ್ಸ್ 2: ಲ್ಯಾಂಡ್ಸ್ ಎಂಡ್’ ಅಂತ ಅದರ ಹೆಸರು. ಮೊದಲನೆಯದು 1963ರದ್ದು, ಎರಡನೆಯದು 1994ರದ್ದು. ಥಿಯೇಟರಿಗಾಗಿ ಮಾಡಿದ್ದಲ್ಲ, ಅಮೆರಿಕದ ಶೋಟೈಮ್ ಎಂಬ ಕೇಬಲ್ ಚಾನೆಲ್ಲಿಗಾಗಿ ಕಡಿಮೆ ಖರ್ಚಿನಲ್ಲಿ ತೆಗೆದ ಟಿವಿ ಸಿನಿಮಾ. ಇಂಥ ಚಿತ್ರಗಳ ಮಾತು ಬಂದಾಗಲೆಲ್ಲ ನಾವು ಕೇಳುವ ಸಮಾಧಾನ ಒಂದೇ: ‘ಪಾಪ, ಬಜೆಟ್ ಇರಲಿಲ್ಲ, ಏನು ಮಾಡ್ತಾರೆ?’

ನಮ್ಮ ತಕರಾರು ಈ ಸಮಾಧಾನದ ಮೇಲೆ. ಯಾಕೆಂದರೆ ಕಡಿಮೆ ದುಡ್ಡಿನಲ್ಲಿ ಕೆಲಸ ಮಾಡುವವರು ನಾವೂ ಹೌದು. ಸುದ್ದಿಗಿಷ್ಟು ಅಂತ ಲೆಕ್ಕ ಹಾಕಿಸಿಕೊಂಡು, ಸ್ವಂತ ಪೆಟ್ರೋಲ್ ಹಾಕಿಕೊಂಡು, ಫೋನಿನಲ್ಲೇ ವಿಡಿಯೊ ತೆಗೆದು ಕಳಿಸುವ ತಾಲ್ಲೂಕು, ಜಿಲ್ಲಾ ಮಟ್ಟದ ವರದಿಗಾರರು ನಾವು. ದುಡ್ಡಿಲ್ಲದ ಕೆಲಸವೆಲ್ಲ ಕಳಪೆಯೇ ಆಗಬೇಕು ಅನ್ನುವುದಾದರೆ ನಾವು ಅಂಗಡಿ ಮುಚ್ಚಬೇಕಾಗುತ್ತದೆ. ‘ಬರ್ಡ್ಸ್ 2’ ಕೆಟ್ಟದ್ದು ದುಡ್ಡಿಲ್ಲದ್ದಕ್ಕಲ್ಲ. ಅದಕ್ಕೆ ಹೊಸದಾಗಿ ಹೇಳುವುದು ಏನೂ ಇರಲಿಲ್ಲ, ಅಷ್ಟೇ.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. 1960ರಲ್ಲಿ ಇದೇ ಹಿಚ್‌ಕಾಕ್ ‘ಸೈಕೊ’ ತೆಗೆದಾಗ ಖರ್ಚಾದದ್ದು ಸುಮಾರು 8 ಲಕ್ಷ ಡಾಲರ್. ಆಗಿನ ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ. ತಮ್ಮ ಟಿವಿ ಕಾರ್ಯಕ್ರಮದ ತಂಡವನ್ನೇ ಕರೆತಂದು, ಕಪ್ಪು ಬಿಳುಪಿನಲ್ಲಿ ತೆಗೆದರು. ಬಚ್ಚಲುಮನೆಯ ಆ ಪ್ರಸಿದ್ಧ ದೃಶ್ಯದಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್. ಜಾನ್ ಕಾರ್ಪೆಂಟರ್ 1978ರಲ್ಲಿ ‘ಹ್ಯಾಲೊವೀನ್’ ಮಾಡಿದ್ದು ಮೂರು ಲಕ್ಷ ಡಾಲರಿನ ಆಸುಪಾಸಿನಲ್ಲಿ. ಕೊಲೆಗಾರನಿಗೆ ಮುಖವಾಡ ಬೇಕಿತ್ತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ನಾಯಕನ ಮುಖವಾಡವೊಂದನ್ನು ತಂದು ಬಿಳಿ ಬಣ್ಣ ಬಳಿದರು. ಸಂಗೀತವನ್ನು ನಿರ್ದೇಶಕರೇ ಮಾಡಿಕೊಂಡರು. ಈ ಎರಡೂ ಚಿತ್ರಗಳನ್ನು ಜನ ಇವತ್ತಿಗೂ ಬೆಚ್ಚಿಬಿದ್ದು ನೋಡುತ್ತಾರೆ. ಹಾಗಾಗಿ ಬಜೆಟ್ಟಿನ ನೆಪ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ‘ದಿ ಬರ್ಡ್ಸ್’ ನಮ್ಮನ್ನು ಹೆದರಿಸುವುದು ಯಾವುದರಿಂದ? ಶಾಲೆಯ ಹೊರಗಿನ ದೃಶ್ಯವನ್ನೇ ನೋಡಿ. ನಾಯಕಿ ಮೆಲನಿ ಬೆಂಚಿನ ಮೇಲೆ ಕೂತು ಸಿಗರೇಟು ಸೇದುತ್ತಿದ್ದಾಳೆ. ಒಳಗೆ ಮಕ್ಕಳು ಹಾಡುತ್ತಿದ್ದಾರೆ. ಅವಳ ಬೆನ್ನ ಹಿಂದೆ, ಆಟದ ಮೈದಾನದ ಕಬ್ಬಿಣದ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಆಮೇಲೆ ಇನ್ನೊಂದು. ಆಮೇಲೆ ಮತ್ತೆ ಕೆಲವು. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಕೊನೆಗೆ ಆಕಾಶದಲ್ಲಿ ಒಂಟಿಯಾಗಿ ಬರುವ ಕಾಗೆಯೊಂದನ್ನು ಕಣ್ಣಲ್ಲೇ ಹಿಂಬಾಲಿಸಿ ಅವಳು ತಿರುಗುವ ಹೊತ್ತಿಗೆ ಕಂಬಿಗಳೆಲ್ಲ ಕಪ್ಪಗಾಗಿವೆ. ಈ ದೃಶ್ಯದಲ್ಲಿ ಅಲ್ಲಿಯವರೆಗೆ ಒಂದು ಹಕ್ಕಿಯೂ ಯಾರನ್ನೂ ಮುಟ್ಟಿಲ್ಲ. ಕಾಗೆ ಬಂದು ಕೂತದ್ದಷ್ಟೇ. ನಾವು ದಿನಾ ನೋಡುವ ಸಂಗತಿ.

ಇಡೀ ಚಿತ್ರದಲ್ಲಿ ಹಿನ್ನೆಲೆ ಸಂಗೀತವಿಲ್ಲ. ಹಕ್ಕಿಗಳ ಕಿರುಚಾಟ, ರೆಕ್ಕೆ ಬಡಿತಗಳಲ್ಲಿ ಬಹುಪಾಲನ್ನು ಬರ್ಲಿನ್ನಿನ ಆಸ್ಕರ್ ಸಾಲಾ ಟ್ರಾಟೋನಿಯಮ್ ಎಂಬ ವಿದ್ಯುತ್ ವಾದ್ಯದಲ್ಲಿ ಹುಟ್ಟಿಸಿದರು. ರೈತನೊಬ್ಬನ ಮನೆಗೆ ನಾಯಕನ ತಾಯಿ ಹೋಗುವ ದೃಶ್ಯದಲ್ಲಿ ಮೊದಲು ಕಾಣುವುದು ಒಡೆದ ಕಪ್ಪುಗಳು, ಆಮೇಲೆ ಹೆಣ. ಕ್ಯಾಮೆರಾ ಮೂರು ನೆಗೆತಕ್ಕೆ ಆ ಮುಖದ ಹತ್ತಿರ ಹೋಗುತ್ತದೆ. ಶಬ್ದವೇ ಇಲ್ಲ. ಅವಳು ಓಡಿ ಹೊರಗೆ ಬರುತ್ತಾಳೆ, ಬಾಯಿ ತೆರೆಯುತ್ತಾಳೆ, ಮಾತು ಹೊರಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಕ್ಕಿಗಳು ಯಾಕೆ ದಾಳಿ ಮಾಡುತ್ತವೆ ಅಂತ ಹಿಚ್‌ಕಾಕ್ ಹೇಳುವುದೇ ಇಲ್ಲ. ಊರಿನ ಹೋಟೆಲ್ಲಿನಲ್ಲಿ ಜನ ಸೇರಿ ವಾದಿಸುತ್ತಾರೆ. ಹಕ್ಕಿಗಳ ಬಗ್ಗೆ ತಿಳಿದ ಹೆಂಗಸು ಇದೆಲ್ಲ ಸಾಧ್ಯವೇ ಇಲ್ಲ ಅನ್ನುತ್ತಾಳೆ. ಕುಡುಕನೊಬ್ಬ ಪ್ರಳಯ ಬಂತು ಅನ್ನುತ್ತಾನೆ. ದಾಳಿಯಾದ ಮೇಲೆ ಹೆದರಿದ ತಾಯಿಯೊಬ್ಬಳು, ಎಲ್ಲ ಶುರುವಾದದ್ದು ನೀನು ಊರಿಗೆ ಕಾಲಿಟ್ಟ ಮೇಲೇ ಅಂತ ಮೆಲನಿಯ ಮೇಲೆ ಹರಿಹಾಯುತ್ತಾಳೆ. ಊರಲ್ಲಿ ಏನಾದರೂ ಕೆಟ್ಟದ್ದಾದರೆ ಹೊಸಬರ ಕಾಲ್ಗುಣ ಹಿಡಿಯುವುದು ನಮಗೆ ತಿಳಿಯದ್ದೇನಲ್ಲ. ಕೊನೆಯಲ್ಲಿ ಗಾಯಗೊಂಡ ಮೆಲನಿಯನ್ನು ಕೂರಿಸಿಕೊಂಡು ಕಾರು ನಿಧಾನಕ್ಕೆ ಹೊರಡುತ್ತದೆ. ಸುತ್ತ ಸಾವಿರಾರು ಹಕ್ಕಿಗಳು ಸುಮ್ಮನೆ ಕೂತಿವೆ. ಪರದೆಯ ಮೇಲೆ ‘ಮುಗಿಯಿತು’ ಎಂಬ ಅಕ್ಷರವೂ ಬರುವುದಿಲ್ಲ.

ಈಗ 1994ಕ್ಕೆ ಬನ್ನಿ. ಮಗನನ್ನು ಕಳೆದುಕೊಂಡ ದುಃಖದಲ್ಲಿರುವ ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಬೇಸಿಗೆ ಕಳೆಯಲು ಸಮುದ್ರದ ನಡುವಿನ ಪುಟ್ಟ ಊರಿಗೆ ಬರುತ್ತಾರೆ. ಗಂಡ ಜೀವಶಾಸ್ತ್ರದ ಮೇಷ್ಟ್ರು. ಹಕ್ಕಿ ಕುಕ್ಕುತ್ತದೆ. ಯಾರೂ ನಂಬುವುದಿಲ್ಲ. ಮತ್ತೆ ಕುಕ್ಕುತ್ತದೆ. ಕೊನೆಗೆ ಎಲ್ಲರೂ ಓಡುತ್ತಾರೆ. ರಕ್ತ ಮೊದಲಿಗಿಂತ ಜಾಸ್ತಿ, ಭಯ ಕಡಿಮೆ. ಹಕ್ಕಿ ಬರುವ ಮೊದಲಿನ ಆ ಕಾಯುವಿಕೆ ಇಲ್ಲಿ ಇಲ್ಲ. ಬಂದ ಮೇಲಿನ ಗಲಾಟೆ ಮಾತ್ರ ಇದೆ. ಮಗನನ್ನು ಕಳೆದುಕೊಂಡ ಮನೆಗೆ ಈ ಹಕ್ಕಿಗಳು ಏನಾಗಿ ಕಾಣುತ್ತವೆ ಅನ್ನುವುದು ಒಳ್ಳೆಯ ಪ್ರಶ್ನೆಯಾಗಿತ್ತು. ಅದನ್ನು ಕೇಳಲು ಹೆಚ್ಚಿಗೆ ಒಂದು ರೂಪಾಯಿಯೂ ಬೇಕಿರಲಿಲ್ಲ. ಚಿತ್ರ ಆ ದುಃಖವನ್ನು ಮೂಲೆಗೆ ತಳ್ಳಿ ರೆಕ್ಕೆ ಬಡಿಸಲು ಹೋಗುತ್ತದೆ.

ಮೆಲನಿಯಾಗಿ ನಟಿಸಿದ್ದ ಟಿಪ್ಪಿ ಹೆಡ್ರೆನ್ ಇದರಲ್ಲೂ ಇದ್ದಾರೆ. ಆದರೆ ಮೆಲನಿಯಾಗಿ ಅಲ್ಲ. ಹೆಲೆನ್ ಎಂಬ ಅಂಗಡಿಯಾಕೆಯಾಗಿ, ಮೊದಲ ಕಥೆಗೆ ಸಂಬಂಧವೇ ಇಲ್ಲದ ಸಣ್ಣ ಪಾತ್ರದಲ್ಲಿ. ಇದು ನಮಗೆ ಅತ್ಯಂತ ಬೇಸರ ತರಿಸಿದ ಸಂಗತಿ. ಮೊದಲ ಚಿತ್ರದ ಅಟ್ಟದ ಮೇಲಿನ ದೃಶ್ಯಕ್ಕೆ ಯಂತ್ರದ ಹಕ್ಕಿಗಳನ್ನು ಬಳಸುತ್ತೇವೆ ಅಂತ ತನಗೆ ಹೇಳಿದ್ದರು, ಆದರೆ ದಿನಗಟ್ಟಲೆ ಜೀವಂತ ಹಕ್ಕಿಗಳನ್ನೇ ಮೈಮೇಲೆ ಎಸೆದರು ಅಂತ ಅವರು ಹೇಳಿಕೊಂಡಿದ್ದಾರೆ. ಹಿಚ್‌ಕಾಕ್ ನಡೆಸಿಕೊಂಡ ರೀತಿಯನ್ನು 2016ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂದರೆ ಶ್ರೇಷ್ಠ ಚಿತ್ರವೂ ಕೈ ತೊಳೆದುಕೊಳ್ಳುವಂತಿಲ್ಲ. ಅಷ್ಟು ಬೆಲೆ ತೆತ್ತ ನಟಿಯನ್ನು 31 ವರ್ಷದ ನಂತರ ಕರೆದಾಗ, ಆ ಹುಡುಗಿ ಮುಂದೆ ಏನಾದಳು ಅಂತ ಕೇಳಬಹುದಿತ್ತು. ಕೇಳಲಿಲ್ಲ. ಹಳೆಯ ಪ್ರೇಕ್ಷಕರು ಗುರುತು ಹಿಡಿಯಲಿ ಅಂತ ಮುಖ ತೋರಿಸಿ ಕಳಿಸಿದರು. ಈ ಚಿತ್ರದ ಬಗ್ಗೆ ತಮಗೆ ಮುಜುಗರವಿದೆ ಅನ್ನುವುದನ್ನು ಹೆಡ್ರೆನ್ ಮುಚ್ಚಿಟ್ಟಿಲ್ಲ.

ಇನ್ನು ನಿರ್ದೇಶಕರ ಹೆಸರು. ಪರದೆಯ ಮೇಲೆ ‘ಅಲನ್ ಸ್ಮಿದೀ’ ಅಂತ ಬರುತ್ತದೆ. ಅಂಥ ಮನುಷ್ಯನೇ ಇಲ್ಲ. ಸಿನಿಮಾ ತಮ್ಮ ಕೈತಪ್ಪಿ ಹೋಯಿತು, ತಮ್ಮ ಹೆಸರು ಬೇಡ ಅನ್ನುವ ನಿರ್ದೇಶಕರಿಗಾಗಿ ಅಮೆರಿಕದ ನಿರ್ದೇಶಕರ ಸಂಘ ಇಟ್ಟುಕೊಂಡಿದ್ದ ಸುಳ್ಳು ಹೆಸರು ಅದು. ಮೊದಲು ಬಳಕೆಯಾದದ್ದು 1969ರ ‘ಡೆತ್ ಆಫ್ ಎ ಗನ್‌ಫೈಟರ್’ ಚಿತ್ರದಲ್ಲಿ. ‘ಬರ್ಡ್ಸ್ 2’ ನಿಜವಾಗಿ ನಿರ್ದೇಶಿಸಿದವರು ರಿಕ್ ರೋಸೆಂಥಾಲ್. 1981ರಲ್ಲಿ ‘ಹ್ಯಾಲೊವೀನ್ 2’ ಮಾಡಿದವರು.

ಇಲ್ಲಿ ನಮಗೆ ಸ್ವಲ್ಪ ಹತ್ತಿರದ ನೋವು ಕಾಣುತ್ತದೆ. ಕಳಿಸಿದ ಸುದ್ದಿಯನ್ನು ಡೆಸ್ಕಿನಲ್ಲಿ ತಿರುಚಿ, ಹೇಳದ್ದನ್ನು ಹೇಳಿಸಿ, ಮೇಲೆ ನಮ್ಮ ಹೆಸರು ಹಾಕಿದಾಗ ಊರಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ. ಆಗ ‘ಹೆಸರು ತೆಗೆಯಿರಿ’ ಅನ್ನುವ ಹಕ್ಕು ಬೇಕು ಅನಿಸುತ್ತದೆ. ಹಾಗಾಗಿ ಹೆಸರು ಹಿಂದಕ್ಕೆ ಪಡೆದ ನಿರ್ದೇಶಕರನ್ನು ನಾವು ಹೀಗಳೆಯುವುದಿಲ್ಲ. ಆದರೆ ವ್ಯವಹಾರ ಹೇಗಿದೆ ನೋಡಿ. ಮಾಡಿದವರ ಹೆಸರು ಹೋಯಿತು. ಮಾರಲು ಬೇಕಾದ ಹೆಸರು, ‘ದಿ ಬರ್ಡ್ಸ್’, ಹಾಗೇ ಉಳಿಯಿತು. ಸರಕು ಚೆನ್ನಾಗಿಲ್ಲ ಅಂತ ಮಾಡಿದವರಿಗೇ ಅನಿಸಿದ ಮೇಲೂ ಹಳೆಯ ಬೋರ್ಡು ನೇತುಹಾಕಿ ಅಂಗಡಿ ತೆರೆದರು. ಮೋಸ ಹೋದದ್ದು ಆ ಬೋರ್ಡು ನಂಬಿ ಒಳಗೆ ಬಂದವರು.

ಎರಡನೇ ಭಾಗವೇ ಕೂಡದು ಅಂತ ನಮ್ಮ ವಾದವಲ್ಲ. ‘ಸೈಕೊ’ಗೆ 23 ವರ್ಷದ ನಂತರ, 1983ರಲ್ಲಿ ‘ಸೈಕೊ 2’ ಬಂತು. ಹಿಚ್‌ಕಾಕ್ ಆಗ ಇರಲಿಲ್ಲ. ಆದರೂ ಅದು ನೋಡಿಸಿಕೊಂಡು ಹೋಗುತ್ತದೆ, ಯಾಕೆಂದರೆ ಅದಕ್ಕೆ ತನ್ನದೇ ಪ್ರಶ್ನೆ ಇದೆ: ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವನನ್ನು ಜನ ಸರಿಯಾಗಿ ಬದುಕಲು ಬಿಡುತ್ತಾರಾ?

ನಮ್ಮ ವೃತ್ತಿಯಲ್ಲಿ ಇದಕ್ಕೆ ‘ಫಾಲೋಅಪ್’ ಅನ್ನುತ್ತೇವೆ. ಊರಿನ ಹತ್ತಿರ ಚಿರತೆ ಕಾಣಿಸಿತು ಅಂತ ಸುದ್ದಿ ಕೊಟ್ಟರೆ ಮರುದಿನ ಫೋನ್ ಬರುತ್ತದೆ: ‘ಚೆನ್ನಾಗಿ ಓಡ್ತು, ಇನ್ನೊಂದು ಕೊಡಿ.’ ಹೊಸದೇನೂ ಇರುವುದಿಲ್ಲ. ಆದರೂ ‘ಗ್ರಾಮಸ್ಥರಲ್ಲಿ ಹೆಚ್ಚಿದ ಆತಂಕ’ ಅಂತ ಇನ್ನೊಂದು ಬರುತ್ತದೆ. ಜತೆಗೆ ಹಳೆಯ ಫೋಟೊ. ಚಿರತೆ ಊರಿಗೆ ಯಾಕೆ ಬಂತು, ಬೋನು ಇಟ್ಟರೋ ಇಲ್ಲವೋ, ಕುರಿ ಕಳೆದುಕೊಂಡವರಿಗೆ ಪರಿಹಾರ ಸಿಕ್ಕಿತೋ ಇಲ್ಲವೋ ಅನ್ನುವ ನಿಜವಾದ ಫಾಲೋಅಪ್‌ಗೆ ಮಾತ್ರ ಜಾಗ ಇರುವುದಿಲ್ಲ. ‘ಬರ್ಡ್ಸ್ 2’ ಇದೇ ‘ಹೆಚ್ಚಿದ ಆತಂಕ’ದ ಸಿನಿಮಾ.

ಒಳ್ಳೆಯ ಫಾಲೋಅಪ್ ಹೇಗಿರುತ್ತದೆ ಅನ್ನುವುದಕ್ಕೂ ಈ ಹಕ್ಕಿಗಳ ಸುತ್ತಲೇ ಉದಾಹರಣೆ ಇದೆ. ಚಿತ್ರದ ಮೂಲ, ಡಾಫ್ನೆ ದು ಮೊರಿಯೆ 1952ರಲ್ಲಿ ಪ್ರಕಟಿಸಿದ ಸಣ್ಣಕಥೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಕೃಷಿ ಕೂಲಿಯೊಬ್ಬನ ಕಥೆ ಅದು. ಹಿಚ್‌ಕಾಕ್ ಅದನ್ನು ಕ್ಯಾಲಿಫೋರ್ನಿಯಾಕ್ಕೆ ತಂದರು. ಚಿತ್ರದ ತಯಾರಿ ನಡೆದಿದ್ದಾಗ, 1961ರ ಆಗಸ್ಟಿನಲ್ಲಿ, ಅದೇ ಕ್ಯಾಲಿಫೋರ್ನಿಯಾದ ಕ್ಯಾಪಿಟೋಲಾ ಸುತ್ತಮುತ್ತ ರಾತ್ರೋರಾತ್ರಿ ಕಡಲಹಕ್ಕಿಗಳು ಮನೆಗಳಿಗೆ ಡಿಕ್ಕಿ ಹೊಡೆದು ಬೀದಿಗಳಲ್ಲಿ ಸತ್ತು ಬಿದ್ದವು. ಅದನ್ನು ವರದಿ ಮಾಡಿದ್ದು ‘ಸಾಂತಾ ಕ್ರೂಸ್ ಸೆಂಟಿನೆಲ್’ ಎಂಬ ಸ್ಥಳೀಯ ಪತ್ರಿಕೆ. ಹಿಚ್‌ಕಾಕ್ ಆ ಪತ್ರಿಕೆಗೆ ಫೋನ್ ಮಾಡಿ ಪ್ರತಿ ತರಿಸಿಕೊಂಡರು. ಜಿಲ್ಲಾ ಮಟ್ಟದ ಪತ್ರಿಕೆಯ ಸುದ್ದಿಗೆ ಇಂಥ ಓದುಗನೂ ಇರುತ್ತಾನೆ ಅನ್ನುವುದು ನಮಗೆ ಖುಷಿಯ ವಿಷಯ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ಹಕ್ಕಿಗಳಿಗೆ ಏನಾಗಿತ್ತು ಅಂತ ಸಂಶೋಧಕರು ಹುಡುಕುತ್ತಲೇ ಇದ್ದರು. ಘಟನೆ ನಡೆದ 50 ವರ್ಷದ ನಂತರ, 1961ರಲ್ಲೇ ಸಂಗ್ರಹಿಸಿಟ್ಟಿದ್ದ ಸೂಕ್ಷ್ಮ ಜಲಜೀವಿಗಳ ಮಾದರಿಗಳನ್ನು ಪರೀಕ್ಷಿಸಿದರು. ಡೊಮೊಯಿಕ್ ಆಮ್ಲ ಎಂಬ ನಂಜು ಉತ್ಪಾದಿಸುವ ಸೂಕ್ಷ್ಮ ಪಾಚಿ ಅವುಗಳಲ್ಲಿ ಹೇರಳವಾಗಿ ಸಿಕ್ಕಿತು. ಈ ನಂಜು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರಿ ಮಿದುಳಿಗೆ ಪೆಟ್ಟು ಕೊಡುತ್ತದೆ, ಹಕ್ಕಿ ದಿಕ್ಕುತಪ್ಪುತ್ತದೆ. ನಮ್ಮ ಪ್ರಕಾರ ‘ದಿ ಬರ್ಡ್ಸ್’ನ ನಿಜವಾದ ಎರಡನೇ ಭಾಗ ಈ ಅಧ್ಯಯನವೇ. ಅದರಲ್ಲಿ ಕಿರುಚಾಟ ಇಲ್ಲ. ಆದರೆ ಮೊದಲು ಗೊತ್ತಿಲ್ಲದ ಒಂದು ಸಂಗತಿ ಇದೆ.

ನಮ್ಮಲ್ಲಿ ಹಲವರು ಈಗ ಕಿರುಚಿತ್ರ, ವೆಬ್ ಸರಣಿ, ಯೂಟ್ಯೂಬ್ ಚಾನೆಲ್ ಅಂತ ಕೈ ಹಾಕಿದ್ದಾರೆ. ಮೊದಲನೆಯದು ನಾಲ್ಕು ಜನರಿಗೆ ಇಷ್ಟವಾದರೆ ‘ಪಾರ್ಟ್ 2 ಯಾವಾಗ?’ ಅಂತ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಕ್ಯಾಮೆರಾ ಬಾಡಿಗೆ ಎಷ್ಟು, ದುಡ್ಡು ಹಾಕುವವರು ಯಾರು ಅನ್ನುವ ಲೆಕ್ಕ ಆಮೇಲೆ ಹಾಕಿ. ಅದಕ್ಕೂ ಮೊದಲು, ಹಳೆಯ ಹೆಸರನ್ನು ಪೂರ್ತಿ ಅಳಿಸಿ ಕಥೆಯನ್ನೊಮ್ಮೆ ಓದಿಕೊಳ್ಳಿ. ಆ ಹೆಸರಿಲ್ಲದೆಯೂ ಅದು ನಿಲ್ಲುತ್ತದೆ ಅನಿಸಿದರೆ ಇರುವ ದುಡ್ಡಲ್ಲೇ ಧೈರ್ಯವಾಗಿ ಮಾಡಿ, ನಿಮ್ಮ ಹೆಸರನ್ನೇ ದೊಡ್ಡದಾಗಿ ಹಾಕಿ. ನಿಲ್ಲುವುದಿಲ್ಲ ಅನಿಸಿದರೆ ಬಿಟ್ಟುಬಿಡಿ. ‘ಪಾರ್ಟ್ 2’ ಕೇಳಿದವರು ನಾಲ್ಕು ದಿನಕ್ಕೆ ಮರೆಯುತ್ತಾರೆ. ಕೆಟ್ಟ ಎರಡನೇ ಭಾಗವನ್ನು ಮಾತ್ರ ಯಾರೂ ಮರೆಯುವುದಿಲ್ಲ.