ಗುಂಡಿ ಒತ್ತಿದರೆ ಓಗೊಡುವವರಾರು?

೨೦೧೨ನೆಯ ಇಸವಿಯ ಡಿಸೆಂಬರ್ ೧೬ರ ರಾತ್ರಿ ದಿಲ್ಲಿಯ ಬೀದಿಗಳಲ್ಲಿ ಓಡುತ್ತಿದ್ದ ಖಾಸಗಿ ಬಸ್ಸಿನೊಳಗೆ ಒಬ್ಬ ತರುಣಿಗೆ ಒದಗಿದ ಘೋರ ವಿಪತ್ತನ್ನು ಈ ದೇಶವು ಮರೆತಿಲ್ಲ, ಮರೆಯಲೂ ಕೂಡದು. ಆ ಬಸ್ಸು ಎತ್ತ ಸಾಗುತ್ತಿದೆಯೆಂಬುದನ್ನು ಕಾಣುವ ಕಣ್ಣು ಅಂದು ಸರಕಾರಕ್ಕಿರಲಿಲ್ಲ. ಒಳಗಿನ ಮೊರೆಯು ಹೊರಗೆ ಮುಟ್ಟುವ ದಾರಿಯೂ ಇರಲಿಲ್ಲ. ಇಂತಹ ಕೊರತೆಯನ್ನು ನೀಗುವ ಉದ್ದೇಶದಿಂದ ಕೇಂದ್ರ ಸರಕಾರದವರು ೨೦೧೬ರ ನವೆಂಬರ್ ೨೮ರಂದು ಮೋಟಾರು ವಾಹನ ನಿಯಮಗಳಲ್ಲಿ ೧೨೫-ಎಚ್ ಎಂಬ ಹೊಸ ನಿಯಮವನ್ನು ಸೇರಿಸಿದರು. ಸಾರ್ವಜನಿಕ ಸೇವೆಯ ಬಸ್ಸು, ಟ್ಯಾಕ್ಸಿ ಮೊದಲಾದ ವಾಹನಗಳು ತಾವಿರುವ ಸ್ಥಳವನ್ನು ತಿಳಿಸುವ ಯಂತ್ರವನ್ನೂ, ಆಪತ್ತಿನಲ್ಲಿ ಪ್ರಯಾಣಿಕರು ಒತ್ತಬೇಕಾದ ಗುಂಡಿಯನ್ನೂ ಹೊಂದಿರತಕ್ಕದ್ದೆಂಬುದು ಅದರ ಸಾರ.

ನಿಯಮವು ೨೦೧೮ರ ಏಪ್ರಿಲ್ ೧ರಿಂದ ಜಾರಿಗೆ ಬರಬೇಕಾಗಿತ್ತು. ಬರಲಿಲ್ಲ, ವಾಯಿದೆ ಮುಂದಕ್ಕೆ ಹೋಯಿತು. ೨೦೧೯ರ ಜನವರಿಯಿಂದ ಹೊಸ ವಾಹನಗಳಿಗೆ ಕಡ್ಡಾಯವೆಂದೂ, ಹಳೆಯವುಗಳ ವಿಷಯವನ್ನು ರಾಜ್ಯಗಳೇ ನಿರ್ಧರಿಸತಕ್ಕದ್ದೆಂದೂ ಆಯಿತು. ನಮ್ಮ ಕರ್ನಾಟಕ ಸರಕಾರವು ೨೦೨೩ರ ನವೆಂಬರಿನಲ್ಲಿ ಎಚ್ಚೆತ್ತು, ಸಾರ್ವಜನಿಕ ಸೇವಾ ವಾಹನಗಳೂ ರಾಷ್ಟ್ರೀಯ ಪರ್ಮಿಟ್ಟಿನ ಲಾರಿಗಳೂ ಈ ಯಂತ್ರವನ್ನು ಒಂದು ವರ್ಷದೊಳಗಾಗಿ ಅಳವಡಿಸಿಕೊಳ್ಳಬೇಕೆಂದು ಆಜ್ಞಾಪಿಸಿ, ತೆರಿಗೆಯನ್ನು ಬಿಟ್ಟು ರೂ. ೭,೫೯೯ ಬೆಲೆಯನ್ನು ಗೊತ್ತುಪಡಿಸಿತು.

ಈ ನಿಯಮವನ್ನು ನಾವು ವಿರೋಧಿಸುವವರಲ್ಲ. ರಾತ್ರಿಪಾಳಿ ಮುಗಿಸಿ ಪೀಣ್ಯದಿಂದ ಬಾಡಿಗೆ ಕಾರಿನಲ್ಲಿ ಒಬ್ಬಳೇ ಮನೆಗೆ ಮರಳುವ ಹೆಣ್ಣುಮಗಳ ಮಾನಪ್ರಾಣಗಳಿಗಿಂತ ಏಳೆಂಟು ಸಾವಿರ ರೂಪಾಯಿ ದೊಡ್ಡದೆಂದು ಯಾವ ಮಾಲಿಕನೂ ಹೇಳಲಾರನು. ಆದರೆ ನಮ್ಮಲ್ಲಿ ಮಾಲಿಕರೆಂದರೆ ನೂರು ಬಸ್ಸುಗಳ ಧಣಿಗಳು ಮಾತ್ರವೇ ಅಲ್ಲ. ಸಾಲ ಮಾಡಿ ಒಂದೇ ಕಾರನ್ನು ಕೊಂಡು, ತಾನೇ ಚಕ್ರ ಹಿಡಿದು ಸಂಸಾರ ಸಾಗಿಸುವವನೂ ಮಾಲಿಕನೇ. ಅವನು ಕೇಳುವುದು ಒಂದೇ ಮಾತು: “ನಾನು ಹಣ ಕೊಟ್ಟೆನು; ಯಂತ್ರವನ್ನು ಕೂಡಿಸಿದೆನು; ಅದರ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ?” ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಸರಕಾರದ್ದು.

ಯಂತ್ರದ ರಚನೆಯಲ್ಲಿ ಕೊರತೆಯೇನೂ ಕಾಣದು. ಎಐಎಸ್-೧೪೦ ಎಂಬ ಪ್ರಮಾಣಕ್ಕೆ ಅನುಸಾರವಾಗಿ ಅದರೊಳಗೇ ದೂರವಾಣಿಯ ಸಿಮ್ ಅಡಕವಾಗಿರುತ್ತದೆ. ವಾಹನದ ಬ್ಯಾಟರಿಯ ತಂತಿಯನ್ನು ಯಾರಾದರೂ ಕತ್ತರಿಸಿದರೂ ತನ್ನ ಸ್ವಂತ ಬ್ಯಾಟರಿಯಿಂದ ನಾಲ್ಕು ಗಂಟೆ ಕೆಲಸಮಾಡುವ ಶಕ್ತಿ ಅದಕ್ಕಿರಬೇಕು. ನಮ್ಮವರೇ ನಿರ್ಮಿಸಿದ ‘ನಾವಿಕ್’ ಉಪಗ್ರಹಗಳ ಸಂಜ್ಞೆಯನ್ನೂ ಅದು ಗ್ರಹಿಸಬೇಕು. ಆ ವ್ಯವಸ್ಥೆಯ ಕೇಂದ್ರವೊಂದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿಯೇ ಇರುವುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಆಕಾಶದಿಂದ ಬಂದ ಸುದ್ದಿಯನ್ನು ನೆಲದ ಮೇಲಿನ ಮನುಷ್ಯನು ಕೇಳಿ ಎದ್ದು ಓಡದಿದ್ದರೆ ಉಪಗ್ರಹವೇನು ಮಾಡೀತು? ಗುಂಡಿಯು ಯಾರನ್ನೂ ರಕ್ಷಿಸುವುದಿಲ್ಲ. ಗುಂಡಿಯ ಕರೆಗೆ ಓಗೊಡುವ ಪೋಲೀಸಿನವನು ರಕ್ಷಿಸುತ್ತಾನೆ.

ಆದುದರಿಂದ ಸಾರಿಗೆ ಇಲಾಖೆಯವರ ಲಕ್ಷ್ಯಕ್ಕೆ ಕೆಲವು ಸಂಗತಿಗಳನ್ನು ತರಬಯಸುತ್ತೇವೆ. ಅರ್ಹತಾಪತ್ರವನ್ನು, ಅಂದರೆ ಜನರು ‘ಎಫ್‌ಸಿ’ ಎನ್ನುವುದನ್ನು, ಕೊಡುವಾಗ ಯಂತ್ರವು ಕೆಲಸಮಾಡುತ್ತಿದೆಯೇ ಎಂದು ಪರೀಕ್ಷಿಸತಕ್ಕದ್ದೆಂದು ನಿಯಮವೇ ಹೇಳುತ್ತದೆ. ಪರೀಕ್ಷೆಯೆಂದರೆ ಅಂಗಡಿಯವನು ಕೊಟ್ಟ ಕಾಗದವನ್ನು ನೋಡುವುದಲ್ಲ. ಗುಂಡಿಯನ್ನು ಒತ್ತಿ, ಕೇಂದ್ರದಿಂದ ಮಾರುತ್ತರ ಬರುವವರೆಗೆ ಕಾಯುವುದು. ಎರಡನೆಯದಾಗಿ, ಪ್ರತಿ ಜಿಲ್ಲೆಯಲ್ಲಿಯೂ ತಿಂಗಳಿಗೊಮ್ಮೆ, ಮುನ್ಸೂಚನೆಯಿಲ್ಲದೆ, ನಡುರಾತ್ರಿ ಗುಂಡಿಯೊಂದನ್ನು ಒತ್ತಿಸಿ, ಎಷ್ಟು ನಿಮಿಷಗಳಲ್ಲಿ ನೆರವು ಬಂದಿತೆಂಬುದನ್ನು ಮಹಾಜನರಿಗೆ ಪ್ರಕಟಿಸಲಿ. ಮೂರನೆಯದಾಗಿ, ಯಂತ್ರವನ್ನು ಮಾರಿದವರು ಅದು ಕೆಟ್ಟಾಗ ಬೀದರದಲ್ಲಿಯೂ ಮಡಿಕೇರಿಯಲ್ಲಿಯೂ ರಿಪೇರಿಗೆ ಸಿಕ್ಕುವಂತೆ ಕಟ್ಟುಮಾಡಲಿ. ಯಂತ್ರ ಕೆಟ್ಟ ತಪ್ಪಿಗೆ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿಕೊಂಡು ಕೂಡ್ರುವ ಶಕ್ತಿ ಬಡ ಮಾಲಿಕನಿಗಿಲ್ಲ.

ಇನ್ನೊಂದು ಮಾತು. ಹಗಲಿರುಳೂ ವಾಹನವು ಎಲ್ಲಿ ಹೋಯಿತು, ಎಲ್ಲಿ ನಿಂತಿತು ಎಂಬ ಲೆಕ್ಕವು ಸರಕಾರದ ಕೈಸೇರುತ್ತದೆ. ಅದು ಚಾಲಕನ ಬಾಳಿನ ಲೆಕ್ಕವೂ ಹೌದು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತಿತು. ಆ ದಾವೆಯನ್ನು ಹೂಡಿದವರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಈ ಲೆಕ್ಕವನ್ನು ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದನ್ನು ಚಾಲಕರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಸಾರುವುದು ನ್ಯಾಯ. ಬೇಲಿಯೇ ಎದ್ದು ಹೊಲ ಮೇಯಬಾರದಷ್ಟೆ.

ಮಾಲಿಕರಿಗೂ ನಮ್ಮ ವಿಜ್ಞಾಪನೆಯುಂಟು. ಇಲಾಖೆಯವರ ಕಣ್ಣಿಗೆ ಮಣ್ಣೆರಚಲು ಕೆಟ್ಟ ಯಂತ್ರವನ್ನು ತೂಗುಹಾಕಿಕೊಂಡು ತಿರುಗುವವನು ಮೋಸಮಾಡುವುದು ಸರಕಾರಕ್ಕಲ್ಲ, ತನ್ನನ್ನು ನಂಬಿ ಗಾಡಿ ಹತ್ತಿದವರಿಗೆ. ನಾಳೆ ಆ ಆಸನದಲ್ಲಿ ಕುಳಿತು ಗುಂಡಿಯನ್ನು ಒತ್ತುವವಳು ಅವನ ಮಗಳೇ ಆಗಿರಬಹುದು. ಮಾಲಿಕನು ತನ್ನ ಪಾಲಿನ ಕರ್ತವ್ಯವನ್ನು ಮಾಡಲಿ. ಮಾಡಿದ ಮೇಲೆ ಸರಕಾರವನ್ನು ತಲೆಯೆತ್ತಿ ಪ್ರಶ್ನಿಸಲಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಪದ್ಧತಿಯನ್ನು ಇನ್ನಾದರೂ ಬಿಡೋಣ.